ಏಳನೇ ಪುಟದ ಸಹಿ

ಮಾರ್ಚ್ ೯, ಬೆಳಿಗ್ಗೆ ೭.೧೦

ಮೂವತ್ತೆಂಟು ಪತ್ರ ಮುಗಿಯಿತು. ಇನ್ನು ಹನ್ನೊಂದು. ಸಂಜೆಯೊಳಗೆ ಚುನಾವಣೆ ಘೋಷಣೆ ಆಗುತ್ತದಂತೆ. ಆಮೇಲೆ ಶಾಸಕರ ಶಿಫಾರಸು ಪತ್ರ ಕೊಡುವ ಹಾಗಿಲ್ಲ. ಅದಕ್ಕೇ ಈ ಗಡಿಬಿಡಿ. ಆಸ್ಪತ್ರೆಗೆ ನಾಲ್ಕು, ಕಾಲೇಜು ಸೀಟಿಗೆ ಆರು, ಬೀದಿದೀಪಕ್ಕೆ ಎರಡು... ಎಲ್ಲದರ ಕೆಳಗೂ ಅಣ್ಣನ ಸಹಿ. ಹಾಕುವವಳು ನಾನು. ಅಣ್ಣ ಮೊದಲ ಸಲ ಶಾಸಕನಾದ ತಿಂಗಳೇ ಪೆನ್ನು ನನ್ನ ಕೈಗೆ ಕೊಟ್ಟ. "ಇದನ್ನೆಲ್ಲ ನೀನೇ ನೋಡ್ಕೋ ಪುಟ್ಟಿ. ನಾನು ಜನರ ಮಧ್ಯೆ ಇರ್ತೀನಿ." ಹದಿನೈದು ವರ್ಷವಾಯಿತು. ಜನರ ಮಧ್ಯೆ ಅವನು, ಕಾಗದದ ಮಧ್ಯೆ ನಾನು. ನಲವತ್ತಾರು ತುಂಬಿದರೂ ಪುಟ್ಟಿಯೇ.

ಅವನ ಸಹಿಯ ಬಾಲ ಕೆಳಗೆ ಬೀಳುತ್ತದೆ. ನಾನು ಹಾಕಿದರೆ ಸ್ವಲ್ಪ ಮೇಲೇಳುತ್ತದೆ. ಇದುವರೆಗೆ ಯಾರೂ ಕೇಳಿಲ್ಲ.

ಅತ್ತಿಗೆ ಮೂರನೇ ಸಲ ಬಾಗಿಲಿಗೆ ಬಂದರು. "ಏನಮ್ಮಾ, ನೀನು ತಿಂಡಿಗೆ ಬರೋಕೂ ನಾನು ಅರ್ಜಿ ಕೊಡ್ಬೇಕಾ?" ಹೋಗಬೇಕು.

ಮಾರ್ಚ್ ೨೬, ಮಧ್ಯಾಹ್ನ ೩

ನಾಮಪತ್ರ ಸಲ್ಲಿಸಿದೆವು! ಅಣ್ಣನದು ನಾಲ್ಕನೇ ಚುನಾವಣೆ. ಜೊತೆಗೆ ನನ್ನದೂ ಒಂದು — ಡಮ್ಮಿ. ಅಣ್ಣನ ಅರ್ಜಿ ಅಕಸ್ಮಾತ್ ತಿರಸ್ಕಾರ ಆದರೆ ಪಕ್ಷಕ್ಕೆ ಒಂದು ಹೆಸರು ಇರಲಿ ಅಂತ. ಪ್ರತಿ ಸಲವೂ ಹಾಕುತ್ತೇನೆ. ಪ್ರತಿ ಸಲವೂ ಪರಿಶೀಲನೆ ಮುಗಿದ ಮೇಲೆ ವಾಪಸ್ ತೆಗೆಯುತ್ತೇನೆ. ಮದುವೆ ಮನೆಯಲ್ಲಿ ಹೆಚ್ಚುವರಿ ಕುರ್ಚಿ ಇಡುವ ಹಾಗೆ.

ಕ್ಯೂನಲ್ಲಿ ಕಾಲು ಸೋತುಹೋಯಿತು. ನಮ್ಮ ನಂಬರು ಕೂಗಿದಾಗ ಅಣ್ಣ ಹೊರಗೆ, ಯಾರದ್ದೋ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದ. ಡ್ರೈವರ್ ಓಡಿಹೋಗಿ ಕರೆತಂದ. ಅಷ್ಟರಲ್ಲಿ ಅವನ ಆಸ್ತಿ ವಿವರದ ಪ್ರಮಾಣಪತ್ರದ ಹನ್ನೆರಡೂ ಪುಟ ತಿರುವಿ ನೋಡಿದೆ. ಏಳನೇ ಪುಟಕ್ಕೆ ಸಹಿ ಇರಲಿಲ್ಲ. ಹಾಕಿದೆ. ಕೊಟ್ಟೆವು. ಮುಗಿಯಿತು.

ಒಂದು ವಿಷಯ. ನನ್ನ ಅರ್ಜಿಯಲ್ಲಿ "ಅಭ್ಯರ್ಥಿಯ ಸಹಿ" ಅಂತ ಇರುವ ಕಡೆ ನನ್ನದೇ ಸಹಿ ಹಾಕುವಾಗ ಎದೆ ಡವಡವ. ಪ್ರತಿ ಸಲವೂ ಹೀಗೇ. ಇದನ್ನು ಯಾರಿಗೂ ಹೇಳಿಲ್ಲ, ಹೇಳುವಂಥದ್ದೂ ಅಲ್ಲ.

ಮಾರ್ಚ್ ೨೮, ಮಧ್ಯಾಹ್ನ ೧.೩೦

ಪೆನ್ನು ಮುಟ್ಟಬಾರದು ಅನ್ನಿಸುತ್ತಿದೆ. ಆದರೂ ಬರೆಯುತ್ತೇನೆ.

ಪರಿಶೀಲನೆ. ಎದುರಾಳಿ ರಸ್ತೆ ಗುತ್ತಿಗೆದಾರ. ಅವನ ವಕೀಲ ಎದ್ದು, "ಏಳನೇ ಪುಟದ ಸಹಿ ಬೇರೆ ಥರ ಇದೆ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪೆನ್ನನ್ನು ಬ್ಯಾಗಿಗೆ ಹಾಕಿದೆ! ಚುನಾವಣಾಧಿಕಾರಿ, ಅಂದರೆ ನಮ್ಮ ಉಪವಿಭಾಗಾಧಿಕಾರಿಯೇ, ಖಾಲಿ ಹಾಳೆ ಕೊಟ್ಟು ಅಣ್ಣನಿಗೆ ಮೂರು ಸಲ ಸಹಿ ಮಾಡಲು ಹೇಳಿದರು. ಮಾಡಿದ. ಹನ್ನೊಂದು ಪುಟಕ್ಕೆ ಹೊಂದಿತು. ಏಳಕ್ಕೆ ಹೊಂದಲಿಲ್ಲ.

ಅಣ್ಣ ನಕ್ಕ. "ಮೇಡಂ, ನನ್ನ ಸಹಿ ಊರಿಗೇ ಗೊತ್ತು. ನಿಮ್ಮ ಆಫೀಸಲ್ಲೇ ನನ್ನ ನೂರು ಪತ್ರ ಇರ್ಬೇಕು. ತೆಗೆದು ನೋಡಿ."

ತೆಗೆದು ನೋಡಿದರು. ಫೈಲು ಬಂತು. ಒಂದೊಂದೇ ಪತ್ರ ಮೇಜಿನ ಮೇಲೆ. ಎಲ್ಲವೂ ಏಳನೇ ಪುಟಕ್ಕೆ ಪಕ್ಕಾ ಹೊಂದಿದವು! ಅಣ್ಣನ ನಿಜವಾದ ಹನ್ನೊಂದು ಸಹಿಗಳೇ ಖೋಟಾ ಥರ ಕಂಡವು. ಅಧಿಕಾರಿ ಕನ್ನಡಕ ತೆಗೆದು ಕೇಳಿದರು: "ಹಾಗಾದ್ರೆ ಇಷ್ಟು ವರ್ಷ ನಮಗೆ ಪತ್ರ ಬರೀತಿದ್ದೋರು ಯಾರು?"

ಅಣ್ಣ ನನ್ನ ಕಡೆ ನೋಡಿದ. ನೋಡಬಾರದಿತ್ತು, ನೋಡಿದ. ಎದ್ದು ನಿಂತೆ. "ನಾನು. ಆ ಪುಟಕ್ಕೂ ನಾನೇ ಹಾಕಿದೆ. ಅಭ್ಯಾಸ..."

"ಪತ್ರಗಳಿಗೆ ಹಾಕು ಅಂತ ನಾನೇ ಹೇಳಿದ್ದೆ," ಅಂದ ಅಣ್ಣ. ದೊಡ್ಡ ದನಿಯಲ್ಲೇ ಅಂದ. ಅದಕ್ಕೆ ಅವನಿಗೆ ಕೈ ಮುಗಿಯಬೇಕು. ಪತ್ರ ನಿಮ್ಮ ಕಚೇರಿ ವಿಚಾರ, ಪ್ರಮಾಣಪತ್ರ ಹಾಗಲ್ಲ ಅಂದರು ಅಧಿಕಾರಿ. ಅಣ್ಣನ ನಾಮಪತ್ರ ತಿರಸ್ಕೃತ. ಮುಂದಿನ ಕಾಗದ ಎತ್ತಿಕೊಂಡು ನನ್ನ ಹೆಸರು ಓದಿದರು. ಕ್ರಮಬದ್ಧ.

ಹದಿನೈದು ವರ್ಷದ ಕೆಲಸ, ಒಂದು ಗೀಟಿನಲ್ಲಿ ಹೋಯಿತು. ನನ್ನ ಕೈಯಿಂದಲೇ ಹೋಯಿತು.

ಮಾರ್ಚ್ ೩೦, ಮಧ್ಯಾಹ್ನ ೩.೧೫

ಎರಡು ದಿನ ಅಣ್ಣ ಮಾತಾಡಿರಲಿಲ್ಲ. ಇವತ್ತು ನಾಮಪತ್ರ ವಾಪಸ್ ತೆಗೆಯಲು ಕೊನೆಯ ದಿನ, ಮೂರು ಗಂಟೆಯವರೆಗೆ. ಅಣ್ಣನ ಜಾಗದಲ್ಲಿ ನಿಲ್ಲುವ ಮುಖವಿಲ್ಲದೆ ನಾನು ವಾಪಸಾತಿ ಅರ್ಜಿ ತುಂಬಿಟ್ಟುಕೊಂಡು ಕೂತಿದ್ದೆ. ಎರಡು ಗಂಟೆಗೆ ಬಂದ. ಗಡ್ಡ ಬಿಟ್ಟಿದ್ದ.

"ಅದನ್ನ ಹರಿದು ಹಾಕು. ನೀನು ನಿಲ್ಲು. ನಾನೇ ಊರೂರು ಸುತ್ತಿ ಗೆಲ್ಲಿಸ್ತೀನಿ. ಆರು ತಿಂಗಳು ಕೂತಿರು. ಆಮೇಲೆ ರಾಜೀನಾಮೆ ಕೊಡು. ಉಪಚುನಾವಣೆ ಆಗುತ್ತೆ, ನಾನು ಬರ್ತೀನಿ. ಆಗ್ಬಹುದಾ?"

"ಹೂಂ."

ಮತ್ತೇನು ಹೇಳಲಿ? ಮನೆಗೆ ಬೆಂಕಿ ಇಟ್ಟವಳು ನೀರು ಹೊರಲಾರೆ ಅನ್ನಲಾಗುತ್ತದೆಯೇ? ಅತ್ತಿಗೆ ಮಾತ್ರ ಅಡುಗೆಮನೆಯಿಂದಲೇ ಕೇಳಿದರು, "ಕುರ್ಚಿ ಬಿಸಿ ಮಾಡೋಕೆ ಕೂರಿಸ್ತಿದೀರಾ ಅವಳನ್ನ?" ಅಣ್ಣ ಕೇಳಿಸದವನ ಹಾಗೆ ಟೀ ಕುಡಿದ.

ಮೂರು ಹೊಡೆಯಿತು. ಈಗ ನಾನು ಅಭ್ಯರ್ಥಿ. ಅಭ್ಯರ್ಥಿ! ತಪ್ಪು ಮಾಡಿದವಳಿಗೆ ಇಷ್ಟು ಖುಷಿಯಾಗಬಾರದು. ಆಗುತ್ತಿದೆ.

ಏಪ್ರಿಲ್ ೩, ಸಂಜೆ ೬

ಮೊದಲ ಭಾಷಣ. ಮೈಕ್ ಕೈಗೆ ಬಂದದ್ದೇ ತಡ, ಬಾಯಿಂದ ಬಂದದ್ದು: "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ..." ಹಿಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾವನೋ "ಉಲ್ಲೇಖ ಯಾವ್ದಕ್ಕಾ?" ಅಂತ ಕೂಗಿದ. ಅಣ್ಣ ಮೈಕ್ ತೆಗೆದುಕೊಂಡು ನಲವತ್ತು ನಿಮಿಷ ಮಾತಾಡಿದ. ಚಪ್ಪಾಳೆ ಅವನಿಗೆ.

ಮೆಟ್ಟಿಲಿಳಿಯುವಾಗ ಹಣ್ಣು ಮಾರುವ ಅಜ್ಜಿ ಸಿಕ್ಕಿದರು. ಮುಖ ನೆನಪಿರಲಿಲ್ಲ. ಬೀದಿಯ ಹೆಸರು ಹೇಳಿದ ಕೂಡಲೇ ನೆನಪಾಯಿತು. "ನಿಮ್ಮದು ಕಣ್ಣಿನ ಆಪರೇಷನ್. ಎರಡು ಪತ್ರ. ಎಡಗಣ್ಣು. ಈಗ ಹೇಗಿದೆ?" ಅಜ್ಜಿ ಬಾಯಿ ಬಿಟ್ಟುಕೊಂಡು ನಿಂತರು.

ಜನ ಗೊತ್ತಿಲ್ಲ ನನಗೆ. ಜನರ ಅರ್ಜಿ ಗೊತ್ತು. ಒಂದೊಂದೂ ಗೊತ್ತು. ಇದನ್ನೇ ಯಾಕೆ...

ಏಪ್ರಿಲ್ ೬

ವೇದಿಕೆ ಬಿಟ್ಟೆ! ಮನೆಮನೆಗೆ ಹೋಗುತ್ತಿದ್ದೇನೆ. "ನಿಮ್ಮದು ಚರಂಡಿ." "ನಿಮ್ಮ ಮಗಳದ್ದು ಹಾಸ್ಟೆಲ್, ಸಿಕ್ತಾ?" ಇವತ್ತು ನೂರ ಹದಿನಾಲ್ಕು ಮನೆ. ಕಾಲಲ್ಲಿ ಬೊಬ್ಬೆ. ಹಾರಾಡುವಷ್ಟು ಖುಷಿ. ಡ್ರೈವರ್ ಹೇಳುತ್ತಾನೆ, "ಅಕ್ಕ, ನೀವು ಓಟು ಕೇಳೋದೇ ಮರೀತೀರಿ. ಹಿಂದೆ ನಾನು ಹೋಗಿ ಕೇಳ್ಕೊಂಡು ಬರ್ತಿದೀನಿ."

ಏಪ್ರಿಲ್ ೮, ಮಧ್ಯಾಹ್ನ ೨

ಗುತ್ತಿಗೆದಾರ ಇವತ್ತು ಮಾರುಕಟ್ಟೆಯಲ್ಲಿ: "ಅಣ್ಣನ ಸಹಿ ಕದ್ದೋಳು ನಿಮ್ಮ ಓಟು ಬಿಡ್ತಾಳಾ?" ನನಗೆ ಹೆಸರೂ ಇಟ್ಟಿದ್ದಾನೆ. ಸಹಿ ಅಕ್ಕ. ಸಾಯಂಕಾಲದೊಳಗೆ ಊರೆಲ್ಲ ಹಬ್ಬುತ್ತದೆ.

ಏಪ್ರಿಲ್ ೯

ಹಬ್ಬಿತು. ಆದರೆ ಹೇಗೆ! ಬೆಳಿಗ್ಗೆ ಒಂದು ಬೀದಿಗೆ ಕಾಲಿಟ್ಟರೆ ಹೆಂಗಸರು, "ಸಹಿ ಅಕ್ಕ ಬಂದ್ರು, ಬನ್ರೇ" ಅಂತ ಕೂಗಿಕೊಂಡು ಹಳೆಯ ಪತ್ರ ಹಿಡಿದು ಹೊರಗೆ ಬಂದರು. ಒಬ್ಬಳು ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡಿದ್ದಾಳೆ. "ಬಾಲ ಮೇಲಿದೆ ನೋಡಿ, ನಿಮ್ದೇ!" ಗುತ್ತಿಗೆದಾರನಿಗೆ ಒಂದು ಹಾರ ಹಾಕಬೇಕು.

ಅಣ್ಣ ಜೀಪಿನಲ್ಲೇ ಕೂತಿದ್ದ. ಇಳಿಯಲಿಲ್ಲ.

ಏಪ್ರಿಲ್ ೧೪, ಬೆಳಿಗ್ಗೆ ೧೧

ಎಲ್ಲ ಕಡೆ ಹಾರವಲ್ಲ. ಕಾಲುವೆಯಾಚೆಯ ಬೀದಿ. ಟೈಲರಮ್ಮ ಹೊಲಿಗೆ ಯಂತ್ರದ ಮೇಲೆ ಒಂಬತ್ತು ಪತ್ರ ಸಾಲಾಗಿ ಇಟ್ಟಳು. ಒಂಬತ್ತೂ ನನ್ನವು. ಕಾಲುಸೇತುವೆಗಾಗಿ. ಮಕ್ಕಳು ಶಾಲೆಗೆ ಹೋಗುವುದು ನೀರಿನ ಪೈಪಿನ ಮೇಲೆ ನಡೆದುಕೊಂಡು. ಹೋದ ವರ್ಷ ಅವಳ ಮಗಳು ಬಿದ್ದು ಮೊಣಕೈ ಮುರಿದುಕೊಂಡಳು.

"ಸಹಿ ಚೆನ್ನಾಗಿದೆ. ಸೇತುವೆ ಎಲ್ಲಮ್ಮ?"

ಚಪ್ಪಲಿ ಕೈಯಲ್ಲಿ ಹಿಡಿದು ಪೈಪು ಹತ್ತಿದೆ. ಡ್ರೈವರ್ ಕಣ್ಣು ಮುಚ್ಚಿಕೊಂಡ. ಕೆಳಗೆ ಕಪ್ಪು ನೀರು. ಮಧ್ಯಕ್ಕೆ ಹೋದಾಗ ಕಾಲು ಒಂದು ಸಲ ಜಾರಿತು, ಜೀವ ಬಾಯಿಗೆ ಬಂತು. ಆಚೆ ದಡ ಮುಟ್ಟಿದೆ. ತಿರುಗಿ ಕೂಗಿದೆ: "ಪತ್ರ ಬರೆಯೋಲ್ಲ ಇನ್ನು. ಸದನದಲ್ಲಿ ಎದ್ದು ನಿಂತು ಕೇಳ್ತೀನಿ. ಈ ವರ್ಷ ಉತ್ತರ ಬರದಿದ್ರೆ ಬರೋ ವರ್ಷ. ಅದರ ಮುಂದಿನ ವರ್ಷ. ಬಿಡೋಲ್ಲ!" ಮೈಕ್ ಇಲ್ಲ, ಏನೂ ಇಲ್ಲ. ಎರಡೂ ದಡದಲ್ಲಿ ಶಿಳ್ಳೆ.

ಜೀಪಿನಲ್ಲಿ ಕೇಳಿದೆ. "ಅಣ್ಣ, ಇದನ್ನ ಸದನದಲ್ಲಿ ಯಾವತ್ತಾದ್ರೂ ಕೇಳಿದ್ಯಾ?"

"ಪತ್ರ ಹೋಗಿತ್ತಲ್ಲ ಪುಟ್ಟಿ."

ಆಮೇಲೆ ಅವನು ಮೆಲ್ಲಗೆ ಅಂದ: "ಬರೋ ವರ್ಷ ಅಂದ್ಯಲ್ಲ. ಬರೋ ವರ್ಷ ನೀನೆಲ್ಲಿ ಇರ್ತೀಯ?"

ಹೌದಲ್ಲ. ಆರು ತಿಂಗಳು. ಮರೆತೇಹೋಗಿತ್ತು. ನಿಜವಾಗಿ ಮರೆತಿದ್ದೆ.

ಏಪ್ರಿಲ್ ೨೪

ಮತದಾನ ಮುಗಿಯಿತು. ಹತ್ತು ದಿನ ಬರೆಯಲು ಪುರುಸೊತ್ತಿರಲಿಲ್ಲ. ಗಂಟಲು ಹೋಗಿದೆ. ಅಣ್ಣನೂ ನಿದ್ದೆಗೆಟ್ಟು ದುಡಿದ. ಅವನಿಲ್ಲದೆ ಅರ್ಧ ಊರು ನನ್ನ ಮುಖ ನೋಡುತ್ತಿರಲಿಲ್ಲ. ಇದನ್ನು ಇಲ್ಲಿ ಬರೆದಿಡದಿದ್ದರೆ ಪಾಪ ಬರುತ್ತದೆ.

ಮೇ ೨, ಮತ ಎಣಿಕೆ

೧೧.೨೦ — ಆರನೇ ಸುತ್ತು. ಹಿಂದಿದ್ದೇನೆ. ೧,೯೦೦.

೧೨.೪೫ — ಹತ್ತನೇ ಸುತ್ತು. ಇನ್ನೂ ಹಿಂದೆ. ೪೩೦. ಅತ್ತಿಗೆ ಉಗುರು ಕಚ್ಚುತ್ತಿದ್ದಾರೆ, ನನ್ನದನ್ನು!

೧.೩೦ — ಕಾಲುವೆಯಾಚೆಯ ಮತಯಂತ್ರ ತೆರೆದರು.

೧.೫೦ — ಗೆದ್ದೆ. ೬೧೨. ಗೆದ್ದೆ ಗೆದ್ದೆ ಗೆದ್ದೆ.

ಮೇ ೩, ಬೆಳಿಗ್ಗೆ ೮

ಅಣ್ಣ ಕಾಫಿ ಲೋಟ ಹಿಡಿದು ಬಂದು ಕೂತ. ಖುಷಿಯಲ್ಲಿದ್ದ. ಬೆರಳು ಮಡಚಿ ಎಣಿಸಿದ: ಜೂನ್, ಜುಲೈ... "ನವೆಂಬರ್ ಮೊದಲ ವಾರ ಕೊಟ್ಬಿಡು."

"ಕೊಡೋಲ್ಲ ಅಣ್ಣ."

ಎಷ್ಟು ಸುಲಭವಾಗಿ ಬಂತು ಮಾತು.

"ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ನಿನ್ನ ಸೀಟು ಕಳೆದೆ ಅನ್ನೋ ಸಂಕಟಕ್ಕೆ ಕೊಟ್ಟೆ. ಆದ್ರೆ ಆ ಬೀದಿಗೂ ಮಾತು ಕೊಟ್ಟಿದೀನಿ. ಎರಡರಲ್ಲಿ ಒಂದು ಮುರೀಲೇಬೇಕು. ನಿಂದು ಮುರೀತೀನಿ. ನೀನು ಬೈದ್ರೂ ಮನೆಯೋನು."

ಅವನು ಬೈಯಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಮೇ ೭

ನಾಲ್ಕು ದಿನ. ಒಂದೇ ಮನೆ, ಒಂದೇ ಊಟದ ಮೇಜು. ಅಣ್ಣ ಉಪ್ಪು ಬೇಕಾದರೂ ಅತ್ತಿಗೆಯ ಮೂಲಕ ಕೇಳುತ್ತಾನೆ. ಅತ್ತಿಗೆ: "ನಿಮ್ಮಿಬ್ಬರ ಮಧ್ಯೆ ನಾನೇನು ಪೋಸ್ಟ್‌ಮ್ಯಾನಾ?" ಅಳು ಬಂತು. ಆದರೂ ಮಾತು ಬದಲಿಸುವುದಿಲ್ಲ.

ಮೇ ೯, ಬೆಳಿಗ್ಗೆ ೧೦.೪೦, ಸದನದೊಳಗೆ

ಪ್ರಮಾಣವಚನ. ಸೀಟಿನಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯಾರಾದರೂ ಟಿಪ್ಪಣಿ ಅಂದುಕೊಳ್ಳಲಿ. ಎಂಥ ಎತ್ತರದ ಚಾವಣಿ! ಕ್ಷೇತ್ರದ ಕ್ರಮದಲ್ಲಿ ಕರೆಯುತ್ತಿದ್ದಾರೆ, ನಮ್ಮದಕ್ಕೆ ಇನ್ನು ಐದಾರು.

ಬೆಳಿಗ್ಗೆ ಪಾಸ್ ಕೌಂಟರಿನಲ್ಲಿ ಅತ್ತಿಗೆಗೂ ಡ್ರೈವರಿಗೂ ಗ್ಯಾಲರಿ ಪಾಸ್ ಬರೆಸುತ್ತಿದ್ದೆ. ಸದಸ್ಯರು ಹೇಳಿದರೆ ಮಾತ್ರ ಕೊಡುತ್ತಾರೆ. ಹಿಂದಿನಿಂದ ಯಾರೋ ಕೆಮ್ಮಿದರು. ಅಣ್ಣ. ಇಸ್ತ್ರಿ ಮಾಡಿದ ಅಂಗಿ. ಹದಿನೈದು ವರ್ಷ ಇದೇ ಕಟ್ಟಡಕ್ಕೆ ಮುಂಬಾಗಿಲಿಂದ ಬಂದವನು, ವೀಕ್ಷಕರ ಬಾಗಿಲು ಎಲ್ಲಿದೆ ಅಂತ ಗೊತ್ತಾಗದೆ ಎರಡು ಸುತ್ತು ಹಾಕಿದನಂತೆ.

"ನಂಗೂ ಒಂದು ಪಾಸ್ ಬೇಕಿತ್ತು," ಅಂದ. ಆರು ದಿನದಲ್ಲಿ ಮೊದಲ ಮಾತು. ನನ್ನ ಮುಖ ನೋಡದೆ.

ಗುಮಾಸ್ತ ನಮೂನೆ ತುಂಬುತ್ತ ತಲೆ ಎತ್ತದೆ ಕೇಳಿದ: "ಸದಸ್ಯರಿಗೆ ಏನಾಗ್ಬೇಕು ಇವರು?"

ನಾನು ಬಾಯಿ ತೆಗೆಯುವ ಮೊದಲೇ ಅಣ್ಣ ಅಂದ, "ಅಣ್ಣ. ಸ್ವಂತ ಅಣ್ಣ."

ಈಗ ಮೇಲೆ ಎರಡನೇ ಸಾಲಿನಲ್ಲಿ, ಅತ್ತಿಗೆಯ ಪಕ್ಕ. ಕತ್ತು ಉದ್ದ ಮಾಡಿ ನೋಡುತ್ತಿದ್ದಾನೆ. ಇನ್ನು ಎರಡು. ಒಂದು.

ಕ್ಷೇತ್ರದ ಹೆಸರು ಕೂಗಿದರು — ಅಯ್ಯೋ, ಅಲ್ಲಿ ಅಣ್ಣ ಎದ್ದು ನಿಂತೇಬಿಟ್ಟ! ಅಭ್ಯಾಸ. ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದಾನೆ. ಅತ್ತಿಗೆ ಅಂಗಿ ಹಿಡಿದು ಎಳೆಯುತ್ತಿದ್ದಾರೆ. ಕೂರುತ್ತಿಲ್ಲ. ನಿಂತುಕೊಂಡೇ ನನ್ನ ಕಡೆ ಕೈ ಮಾಡಿ, ಏಳು, ಏಳು ಅಂತ... ಎರಡನೇ ಸಲ ಕರೆಯುತ್ತಿದ್ದಾರೆ. ನಾನು ಎದ್ದು