ಅವನ ಹೆಸರಿನ ವರದಿ

ಶ್ರವಣ ಪರೀಕ್ಷೆಯ ಕೋಣೆ, ಆಸ್ಪತ್ರೆ
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ತಂಗ್ಯಮ್ಮಾ,

ಹೇಗಿದ್ದೀಯೇ? ಸೊಂಟನೋವು ಇಳಿಯಿತೇ? ಭಾರ ಎತ್ತಬೇಡ ಎಂದರೆ ನೀನೆಲ್ಲಿ ಕೇಳುತ್ತೀಯ! ನಾನು ಕ್ಷೇಮ ಎಂದೇ ಬರೆಯಬೇಕು. ಆದರೆ ನಿನ್ನ ಕಾಗದ ಬಂದಾಗಿನಿಂದ ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ಗುಂಡಣ್ಣ ಕರೆದರೂ ತಿರುಗುವುದಿಲ್ಲ, ಮೂರು ವರ್ಷ ತುಂಬಿದರೂ ಮಾತಿಲ್ಲ, ಮೊಂಡು ಬಿಡಿಸಲು ಅವನಪ್ಪ ಬೆನ್ನಿಗೆರಡು ಬಿಟ್ಟರು ಎಂದು ಬರೆದಿದ್ದೀಯ. ಕೊನೆಗೆ, “ಕಿವಿ ಸರಿಯಾಗಿದೆ ಅಂತ ನೀನೇ ಹೇಳಿದ್ಯಲ್ಲಕ್ಕ” ಎಂಬ ಮಾತು ಬೇರೆ.

ಹೌದು, ನಾನೇ ಹೇಳಿದ್ದೆ. ಅವನು ಹುಟ್ಟಿದ ಮೂರನೆಯ ದಿನ, ದೊಡ್ಡಮ್ಮನಾದ ಜಂಬದಲ್ಲಿ, ಸರದಿ ತಪ್ಪಿಸಿ ಒಳಗೆ ಕರೆದುಕೊಂಡೆ. ಕಿವಿ ಕೇಳಿಸಿಕೊಳ್ಳುವುದಷ್ಟೇ ಅಲ್ಲ ಕಣೇ, ಒಳಗಿನಿಂದ ತಾನೂ ಸಣ್ಣಗೆ ಸದ್ದು ಮಾಡುತ್ತದೆ. ಕಿವಿಯೊಳಗೆ ಯಂತ್ರದ ಪುಟ್ಟ ಬಿರಡೆ ಇಟ್ಟು ಟಿಕ್ ಟಿಕ್ ಎನಿಸಿದರೆ ಮರುಸದ್ದು ಬರುತ್ತದೆ, ಯಂತ್ರ ಅದನ್ನು ಗೆರೆಯಾಗಿ ಬರೆಯುತ್ತದೆ ಎಂದು ನಿನಗೆ ಪಾಠವನ್ನೂ ಒಪ್ಪಿಸಿದೆ. ಅವನೋ ಸೂರು ಹಾರಿಹೋಗುವಂತೆ ಅಳುತ್ತಿದ್ದ. ಅಳುವ ಮಗುವಿಗೆ ಈ ಪರೀಕ್ಷೆ ಮಾಡಲಾಗದು. ನೀನು ಹಾಲೂಡಿಸಲು ಹೊರಗೆ ಹೋದೆ. ಯಂತ್ರದಲ್ಲಿ ಅವನ ಹೆಸರಿನ ಪುಟ ತೆರೆದೇ ಇತ್ತು. ದಿನಾ ಬೆಳಗ್ಗೆ, ಮತ್ತೆ ಬಿರಡೆ ಕೆಟ್ಟಿದೆಯೇನೋ ಎಂಬ ಅನುಮಾನ ಬಂದಾಗಲೆಲ್ಲ, ನಾವು ನಮ್ಮ ಕಿವಿಗೇ ಇಟ್ಟು ನೋಡಿಕೊಳ್ಳುತ್ತೇವೆ. ಅಂದೂ ಹಾಗೇ ಮಾಡಿದೆ. ಅಷ್ಟರಲ್ಲಿ ವಾರ್ಡಿನಿಂದ ಕರೆ ಬಂತು, ಓಡಿದೆ. ಹಿಂತಿರುಗಿದಾಗ ಅವನು ನಿನ್ನ ಮಡಿಲಲ್ಲಿ ನಿದ್ದೆ ಹೋಗಿದ್ದ. ಪರದೆಯ ಮೇಲೆ ‘ಪಾಸ್’ ಎಂದಿತ್ತು. ಹೊರಗೆ ಹನ್ನೊಂದು ತಾಯಂದಿರು ಕಾಯುತ್ತಿದ್ದರು. ಹಾಳೆ ತೆಗೆದು ನಿನ್ನ ಕೈಗಿಟ್ಟು, “ಚುರುಕು ಕಿವಿ ಕಣೇ, ದೊಡ್ಡಮ್ಮನದೇ!” ಎಂದೆ.

ನಿನ್ನೆ ಕಡತದಿಂದ ಆ ಹಾಳೆಯ ಪ್ರತಿಯನ್ನು ಹುಡುಕಿ ತೆಗೆದೆ. ಒಬ್ಬೊಬ್ಬರ ಕಿವಿಯ ಗೆರೆ ಒಂದೊಂದು ಥರ ಇರುತ್ತದೆ. ನನ್ನದನ್ನು ದಿನಾ ಬೆಳಗ್ಗೆ ನೋಡುವವಳು ನಾನು. ಆಗಿನಿಂದ ಈ ಸದ್ದಿಲ್ಲದ ಕೋಣೆಯಲ್ಲಿ ಒಬ್ಬಳೇ ಕೂತರೆ ಗುಂಡಣ್ಣ ನನಗೆ ಬೆನ್ನು ಹಾಕಿ ಮೂಲೆಯಲ್ಲಿ ನಿಂತಂತಾಗುತ್ತದೆ. ಕರೆಯುತ್ತೇನೆ. ತಿರುಗುವುದಿಲ್ಲ. ಬಾಗಿಲು ತೆರೆದಿಟ್ಟುಕೊಂಡು ಕೆಲಸ ಮಾಡುತ್ತಿದ್ದೇನೆ, ಅಷ್ಟು ಭಯ. ಇದಕ್ಕಿಂತ ಹೆಚ್ಚು ಬರೆಯಲು ಕೈ ಏಳುತ್ತಿಲ್ಲ.

ನಿಮ್ಮವರಿಗೆ ನಮಸ್ಕಾರ ತಿಳಿಸು. ಮಗುವಿನ ತಲೆ ಸವರು. ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿನ್ನ ಹತ್ತಿರವಿರುವ ಹಾಳೆಯ ಮೇಲಿನ ಹೆಸರು ಅವನದು, ಕಿವಿ ನನ್ನದು. ಗುಂಡಣ್ಣನ ಕಿವಿಯನ್ನು ಈವರೆಗೆ ಯಾರೂ ಪರೀಕ್ಷೆ ಮಾಡಿಲ್ಲ. ಕಾಗದ ಸಿಕ್ಕಿದ ದಿನವೇ ಕರೆದುಕೊಂಡು ಬಾ. ಬೇರೆಯವರ ಕೈಲಿ ಮಾಡಿಸೋಣ. ಅವನನ್ನು ಹೊಡೆಯಬೇಡಿ. ಅವನು ತಿಂದ ಏಟೆಲ್ಲ ನನಗೆ ಬೀಳಬೇಕಾಗಿತ್ತು.