ಐವತ್ತೆಂಟು ನಿಮಿಷ

ಮಾರ್ಚ್ 3, ಬೆಳಿಗ್ಗೆ 6.10

ಆಕ್ಸಿಜನ್ ಮೆಷಿನ್ನಿನ ಬಾಟಲಿಗೆ ನೀರು ಹಾಕಿದೆ. ಫಿಲ್ಟರ್ ತೊಳೆದು ಒಣಗಲು ಇಟ್ಟೆ. ಅತ್ತಿಗೆಯ ಮೂಗಿನ ಪೈಪ್ ಸರಿಮಾಡಲು ಹೋಗಿ ಬೈಸಿಕೊಂಡೆ. ದಿನ ಶುರು.

ಮೊನ್ನೆ ಐದೇ ನಿಮಿಷ ಕರೆಂಟು ಹೋಗಿತ್ತು. ಆಗ ಮೆಷಿನ್ ನಡೆಸುವ ಯುಪಿಎಸ್ ಪರದೆಯಲ್ಲಿ 58 ನಿಮಿಷ ಎಂದಿದ್ದದ್ದು ಅಷ್ಟರಲ್ಲೇ 20ಕ್ಕೆ ಬಿತ್ತು. ಚಾರ್ಜ್ ಆದ ಮೇಲೆ ಏನೂ ಆಗೇ ಇಲ್ಲದ ಹಾಗೆ ಮತ್ತೆ 58. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ಅದು ಲೆಕ್ಕ ತಪ್ಪಿದೆ ಮೇಡಂ. ಫುಲ್ ಚಾರ್ಜ್ ಮಾಡಿ, ಮೆಷಿನ್ ಬದಲು ಬಲ್ಬ್ ಹಾಕಿ, ಗೋಡೆ ಪ್ಲಗ್ ಕಿತ್ಬಿಡಿ. ತಾನಾಗೇ ಆಫ್ ಆಗೋವರೆಗೂ ಮುಟ್ಬೇಡಿ. ಮಧ್ಯದಲ್ಲಿ ಪ್ಲಗ್ ಹಾಕಿದ್ರೆ ಹಳೇ ಸುಳ್ಳೇ ಹೇಳ್ತಿರುತ್ತೆ.”

ಕ್ಯಾಲಿಬ್ರೇಶನ್ ಅಂತೆ.

ನನಗೆ ಇಪ್ಪತ್ತೈದು ನಿಮಿಷ ಸಿಕ್ಕರೆ ಸಾಕು. ಕೆಲಸ ಮಾಡುವ ಲೈಬ್ರರಿಯಿಂದ ಓಡಿ ಬಂದರೆ ಇಪ್ಪತ್ತು. ಕರೆಂಟಿಲ್ಲದಾಗಿನ ಆಸರೆಗೆ ಇಟ್ಟ ಆಕ್ಸಿಜನ್ ಸಿಲಿಂಡರಿನ ಕೀಲಿ ತಿರುಗಿಸಲು ಅತ್ತಿಗೆಯ ಬೆರಳಲ್ಲಿ ಬಲವಿಲ್ಲ, ನಾನೇ ಬರಬೇಕು. ಇವರನ್ನು ನೋಡಿಕೊಳ್ಳಲು ಎರಡು ತಿಂಗಳಿಂದ ರಜೆ. ಹತ್ತನೇ ತಾರೀಖು ಹಾಜರಾಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು. ನನ್ನ ಗಂಡ ತೀರಿಕೊಂಡ ಮೇಲೆ ಈ ಮನೆಯಲ್ಲಿ ಅವರ ಅಕ್ಕ ಈ ಅತ್ತಿಗೆ ಮತ್ತು ನಾನು, ಇಬ್ಬರೇ. ಲೈಬ್ರರಿಯೂ ಹೋದರೆ ನನ್ನದು ಅಂತ ಏನೂ ಉಳಿಯುವುದಿಲ್ಲ.

ಮಾರ್ಚ್ 5, ಸಂಜೆ

ಮೆಷಿನ್ನನ್ನು ನೇರ ಗೋಡೆ ಪ್ಲಗ್ಗಿಗೆ ಹಾಕಿದೆ. ಯುಪಿಎಸ್‌ಗೆ ಮೆಕ್ಯಾನಿಕ್ ಕೊಟ್ಟ ಹಲಗೆ — ನೂರು ವಾಟಿನ ಮೂರು ಹಳೇ ಬಲ್ಬು. ಬೆಳಿಗ್ಗೆ 10.40ಕ್ಕೆ ಪ್ಲಗ್ ಕಿತ್ತೆ. ಬೀಪ್, ಬೀಪ್... ತಲೆ ಚಿಟ್ಟು ಹಿಡಿಯಿತು. ಅತ್ತಿಗೆ ಅಂದರು:

“ನೀನು ಮಾತ್ರೆ ತಗೊಂಡು ಬಾ ಹೋಗು. ನಾನು ನೋಡ್ಕೋತೀನಿ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತೋಳು, ಒಂದು ಡಬ್ಬ ನೋಡ್ಕೊಳ್ಳಕ್ಕಾಗಲ್ವಾ?”

ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಸಾಲು. ಬಂದಾಗ 11.40. ಬಲ್ಬು ಆರಿದ್ದವು.

“ಈಗಷ್ಟೇ ಆಫ್ ಆಯ್ತು. ಐವತ್ತಾರು ನಿಮಿಷ ಬಂತು. ನಾನೇ ಪ್ಲಗ್ ಹಾಕ್ದೆ.”

ಸಂಜೆ ಪರದೆ ನೋಡಿದೆ. 58. ಹೊಟ್ಟೆ ತಣ್ಣಗಾಯಿತು.

ಮಾರ್ಚ್ 12

ಮೂರು ದಿನದಿಂದ ಲೈಬ್ರರಿ. ಹರಿದ ಪುಸ್ತಕಗಳಿಗೆ ಬೈಂಡಿಂಗ್. ಕೈಗೆ ಗೋಂದು, ಸೊಂಟ ಬಿದ್ದುಹೋಗಿದೆ. ಆದರೂ ಇದು ಬೇರೆ ಸುಸ್ತು, ಊಟ ರುಚಿಸುವ ಸುಸ್ತು. ಬಾಗಿಲಲ್ಲೇ ಅತ್ತಿಗೆಯ ವಿಚಾರಣೆ: “ಬಂದ್ಯಾ ಮಹಾರಾಣಿ? ಯಾರ್ಯಾರ್ ಬಂದಿದ್ರು? ಏನ್ ಮಾತಾಡಿದ್ರಿ?” ಎಲ್ಲ ಹೇಳಬೇಕು. ಹೇಳಲು ಏನಾದರೂ ಇದೆಯಲ್ಲ.

ಮಾರ್ಚ್ 26, ರಾತ್ರಿ

ಅತ್ತಿಗೆ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಬೆಳಿಗ್ಗೆ 11.20ಕ್ಕೆ ಕರೆಂಟು ಹೋಯಿತಂತೆ. ಲೈಬ್ರರಿಯಲ್ಲಿ ಇತ್ತು, ನನಗೆ ಗೊತ್ತಾಗಲಿಲ್ಲ. ಅತ್ತಿಗೆ ಫೋನ್ ಮಾಡಲಿಲ್ಲ. ಯುಪಿಎಸ್ ಹನ್ನೆರಡು ನಿಮಿಷ ಕೂಗಿ ನಿಂತುಹೋಯಿತು. ಅತ್ತಿಗೆ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕುಸಿದರಂತೆ. ಕೆಳಗಿನ ಮನೆಯ ಟೈಲರ್ ಹೆಂಡತಿ ಓಡಿ ಬಂದು ಸಿಲಿಂಡರ್ ತೆರೆದಳು. ಆಮೇಲೆ ನನಗೆ ಫೋನ್. ನಾನು ಬಂದಾಗಲೂ ತುಟಿ ನೀಲಿ.

ಸಂಜೆ ಕೇಳಿದೆ. “ನಿಜ ಹೇಳಿ ಅತ್ತಿಗೆ. ಬಲ್ಬ್ ಹಾಕಿದ ದಿನ ಏನ್ ಮಾಡಿದ್ರಿ?”

ಸೀಲಿಂಗ್ ನೋಡುತ್ತಾ ಹೇಳಿದರು.

“ನಂಬರ್ ದಡದಡ ಅಂತ ಇಳೀತಿತ್ತು. ಹತ್ತನೇ ನಿಮಿಷಕ್ಕೆ ಬಲ್ಬ್ ಆರಿಸಿ ಪ್ಲಗ್ ಹಾಕ್ಬಿಟ್ಟೆ. ಇಷ್ಟೇ ಅಂತ ಗೊತ್ತಾಗಿದ್ರೆ ನೀನು ಹೊಸ್ತಿಲು ದಾಟ್ತಿದ್ಯಾ?”

“ನಿಮ್ಮ ಜೀವ ಹೋಗಿದ್ರೆ?”

“ನಿನ್ನ ಮುಖ ನೋಡಿದೀಯಾ, ಎರಡು ತಿಂಗಳಿಂದ? ಅದನ್ನ ದಿನಾ ನೋಡ್ತಿದ್ದೋಳು ನಾನು.”

ಸಿಟ್ಟು ಬಂತು. ಅಳುವೂ ಬಂತು. ಮೊದಲು ಯಾವುದು ಅಂತ ತಿಳಿಯಲಿಲ್ಲ.

ಮಾರ್ಚ್ 27

ಅವರನ್ನು ಬೈದೆ, ಸರಿ. ನನ್ನನ್ನು?

ಇಲ್ಲಿ ಬರೆದುಬಿಡುತ್ತೇನೆ. ಆವತ್ತು ಮೆಡಿಕಲ್ ಶಾಪಿನಿಂದ ಬಂದ ತಕ್ಷಣ ಬಲ್ಬುಗಳನ್ನು ಬರಿಗೈಯಲ್ಲಿ ಬಿಚ್ಚಿದೆ. ನೂರು ವಾಟಿನ ಬಲ್ಬು, ಈಗಷ್ಟೇ ಆರಿದ್ದರೆ ಕೈ ಸುಡಬೇಕಿತ್ತು. ಮೂರೂ ತಣ್ಣಗಿದ್ದವು. ತಣ್ಣಗಿವೆ ಅಂತ ನನಗೆ ಅನ್ನಿಸಿತು, ಆ ಕ್ಷಣವೇ ಅನ್ನಿಸಿತು. ಪೇಪರಿನಲ್ಲಿ ಸುತ್ತಿಟ್ಟೆ. ಕೇಳಲಿಲ್ಲ. ನನಗೆ ಐವತ್ತೆಂಟು ಬೇಕಾಗಿತ್ತು.

ಮಾರ್ಚ್ 30, ಸಂಜೆ

ಹೊಸ ಬ್ಯಾಟರಿ ಬರಲು ಮೂರು ವಾರವಂತೆ. ಅಲ್ಲಿಯವರೆಗೆ ಹಳೆಯದರ ನಿಜವಾದರೂ ಗೊತ್ತಿರಲಿ ಎಂದು ಮತ್ತೆ ಬಲ್ಬು ಹಾಕಿ ಪ್ಲಗ್ ಕಿತ್ತೆ. ಈ ಸಲ ಇಬ್ಬರೂ ಎದುರಿಗೇ ಕೂತೆವು. ಅತ್ತಿಗೆ ಕೈ ಕಟ್ಟಿಕೊಂಡಿದ್ದರು. ಆರನೇ ನಿಮಿಷಕ್ಕೆ ನನ್ನಿಂದ ತಡೆಯಲಾಗಲಿಲ್ಲ.

“ಅತ್ತಿಗೆ, ಆವತ್ತು ಬಲ್ಬು ತಣ್ಣಗಿತ್ತು. ನನಗೆ ಗೊತ್ತಾಗಿತ್ತು.”

“ಗೊತ್ತು ಕಣೇ. ನೀನು ಬಿಚ್ಚೋದನ್ನ ನೋಡ್ತಾನೇ ಇದ್ದೆ. ಏನಾದ್ರೂ ಕೇಳ್ತಾಳೇನೋ ಅಂತ ಕಾದೆ. ಕೇಳ್ಲಿಲ್ಲ. ಸರಿ, ಇವಳಿಗೂ ಹೋಗ್ಬೇಕಾಗಿದೆ ಅಂದ್ಕೊಂಡೆ.”

ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಬಲ್ಬು ಆರಿತು. ಹನ್ನೊಂದು ನಿಮಿಷ.

“ಟೈಲರ್ ಹೆಂಡ್ತಿಗೆ ಮನೆ ಕೀ ಒಂದು ಕೊಟ್ಬಿಡು. ಕರೆಂಟ್ ಹೋದ್ರೆ ಬಂದು ಸಿಲಿಂಡರ್ ತೆರೀತಾಳೆ. ಮೂಗಲ್ಲಿ ಪೈಪ್ ಇರೋದನ್ನ ಹೇಗೂ ನೋಡಿದ್ಲಲ್ಲ, ಇನ್ನೇನು ಮಾನ” ಅಂದರು. ಇಷ್ಟು ದಿನ ಅಕ್ಕಪಕ್ಕದವರನ್ನು ಒಳಗೆ ಬಿಟ್ಟವರಲ್ಲ.

ಕೀ ಮೇಜಿನ ಮೇಲಿದೆ. ಮೆಟ್ಟಿಲಿಳಿದು ಕೊಟ್ಟು ಬಂದರೆ ನಾಳೆ ಲೈಬ್ರರಿ. ಅರ್ಧ ಗಂಟೆಯಿಂದ ನೋಡುತ್ತಾ ಕೂತಿದ್ದೇನೆ, ಹನ್ನೊಂದೇ ನಿಮಿಷ ಅನ್ನುವುದು ತಲೆಯಿಂದ ಹೋಗುತ್ತಿಲ್ಲ. ಒಳಗಿಂದ ಅತ್ತಿಗೆ ಕೂಗುತ್ತಿದ್ದಾರೆ, “ಕೊಟ್ಯಾ?” ಅಂತ. ಕೊಟ್ಟೆ ಅನ್ನಲು ಬಾಯಿಗೆ ಬಂದಿತ್ತು, ಮತ್ತೆ ಸುಳ್ಳು. “ಇಲ್ಲ, ಈಗ ಹೋಗ್ತೀನಿ” ಅಂದು ಕೀ ಕೈಗೆತ್ತಿಕೊಂಡು ಎದ್ದೆ.