ಮಲ್ಲಯ್ಯನ ಕೆನ್ನೆಯ ತಗ್ಗು

ಇಸವಿ ೨೨೧೪, ಎರಡನೆಯ ಬೇಸಿಗೆ, ನಡುಮಧ್ಯಾಹ್ನ

ಹೆಸರು ಉಳಿಯದ ನಮ್ಮ ಮುತ್ತವ್ವನಿಗೆ, ಏಳು ತಲೆಮಾರು ಮುಂದೆ ಹುಟ್ಟಿದ ನೀಲಗಂಗೆಯ ಶರಣು.

ಬೇಸಿಗೆ ವರ್ಷಕ್ಕೆ ಎರಡು ಸಲ ಬರುತ್ತದೆಯೇ ಎಂದು ಹುಬ್ಬೇರಿಸಬೇಡ, ನಮ್ಮಲ್ಲಿ ಬರುತ್ತದೆ. ಇನ್ನೂ ಕೆಲವು ಮಾತು ನಿನಗೆ ವಿಚಿತ್ರವೆನಿಸೀತು, ಹೊಟ್ಟೆಗೆ ಹಾಕಿಕೋ. ಪತ್ರ ಹಿಂದಿನ ಕಾಲಕ್ಕೆ ಹೋಗುವುದಿಲ್ಲ ಎಂಬುದು ಓದಿದವಳಾದ ನನಗೂ ಗೊತ್ತು. ಆದರೆ ನಿದ್ದೆಯಿಲ್ಲದವಳಿಗೆ ಯಾರಿಗಾದರೂ ಬರೆಯಲೇಬೇಕಲ್ಲ.

ನಾವು ನೆಲಮನೆಗಳಲ್ಲಿದ್ದೇವೆ. ಬಿಸಿಲಿಗೆ ಹೆದರಿ ಊರಿಗೆ ಊರೇ ಮಣ್ಣೊಳಗೆ ತೋಡಿಕೊಂಡ ಮನೆಗಳು ಇವು. ಮೇಲೆ ಓಣಿಯುದ್ದಕ್ಕೂ ನೆರಳುಹಾಸು, ಅಂದರೆ ಬಿಸಿಲು ತಡೆಯುವ ದಪ್ಪ ಬಟ್ಟೆ. ಹಗಲೆಲ್ಲ ಮಲಗಿ, ಸೂರ್ಯ ಮುಳುಗಿದ ಮೇಲೆ ಎದ್ದು ರೊಟ್ಟಿ ಬಡಿಯುತ್ತೇವೆ. ಮಕ್ಕಳು ಚುಕ್ಕಿಗಳ ಕೆಳಗೆ ಶಾಲೆಗೆ ಹೋಗುತ್ತಾರೆ. ಈಗ ಊರೆಲ್ಲ ಗಾಢ ನಿದ್ದೆಯಲ್ಲಿದೆ. ಬಾಣಂತನಕ್ಕೆ ತವರಿಗೆ ಬಂದ ನಾನೊಬ್ಬಳೇ ಎಚ್ಚರವಿದ್ದು ಮೂರು ತಿಂಗಳ ಮಗಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದೇನೆ. ನಿಂತಿರುತ್ತದೆ ಎಂದು ಹೆದರಿ ನೋಡುತ್ತೇನೆ. ಆಡುತ್ತಿರುತ್ತದೆ. ಮತ್ತೆ ನೋಡುತ್ತೇನೆ.

ನನ್ನ ತಮ್ಮ ಕಲ್ಮೇಶ ಈ ವರ್ಷದ ಮೊದಲ ಬೇಸಿಗೆಯಲ್ಲಿ ತೀರಿಕೊಂಡ. ಹತ್ತೊಂಬತ್ತು ವರ್ಷ. ಪಕ್ಕದ ಮನೆಯವರ ನೆರಳುಹಾಸು ಹರಿದಿತ್ತು. ಹೊತ್ತು ಮುಳುಗುವವರೆಗೂ ಕಾಯದೆ ಹೊಲಿಯಲು ಮೇಲೆ ಹೋದವನು ಇಳಿದು ಬರಲಿಲ್ಲ. ಉರಿಬಿಸಿಲಲ್ಲಿ ಮನುಷ್ಯನ ದೇಹ ಹೇಗೆ ಸೋಲುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೇನೆ, ಹೇಗೆ ಎಂಬುದಷ್ಟೇ. ಇವನೇ ಯಾಕೆ ಎಂಬುದು ಯಾವ ಪಾಠದಲ್ಲೂ ಇರಲಿಲ್ಲ.

ಆ ದಿನ ಅವ್ವ ದೇವರ ಜಗಲಿಯ ಮೇಲಿನ ನಮ್ಮ ಮನೆದೇವರು ಮಲ್ಲಯ್ಯನ ಹಿತ್ತಾಳೆಯ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಆದರೆ ದೀಪ ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಕೇಳಿದರೆ, "ಜಗಳ ನನಗೂ ಅವಗೂ ಐತಿ. ಕತ್ತಲದಾಗ ಕೂಡ್ಸೂದು ಯಾವ ನ್ಯಾಯ?" ಅಂದಳು.

ಆ ಮುಖದ ಎಡಗೆನ್ನೆಯಲ್ಲಿ ಒಂದು ತಗ್ಗಿದೆ. ನಿನಗೆ ಗೊತ್ತಿರಲೇಬೇಕು. ವಯಸ್ಸಿಗೆ ಬಂದ ಮಗ ಸತ್ತ ದಿನ ದೇವರನ್ನು ಅಂಗಳಕ್ಕೆ ಎಸೆದವಳು ನೀನು ಎಂದು ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. "ಮಲ್ಲಯ್ಯಗ ಯಾರೋ ಕಪಾಳಕ್ಕ ಬಿಗದಾರ ನೋಡಕ್ಕಾ!" ಎಂದು ಕಲ್ಮೇಶ ನಗುತ್ತಿದ್ದ.

ಇಂದು ಸಂಜೆ ಮಗಳನ್ನು ತೊಟ್ಟಿಲಿಗೆ ಹಾಕುತ್ತಾರೆ. ಮೊದಲು ಮಲ್ಲಯ್ಯನ ಮುಂದೆ ಮಲಗಿಸುವುದು ಮನೆತನದ ಪದ್ಧತಿ. ತಮ್ಮನನ್ನು ಕಾಯದವನ ಮುಂದೆ ಮಗಳನ್ನು ಹೇಗೆ ಇಡಲಿ? ಪೆಟ್ಟಿಗೆಯಲ್ಲಿ ಬಚ್ಚಿಟ್ಟುಬಿಡೋಣವೆಂದು, ಮಗುವನ್ನು ಹೆಗಲಿಗೆ ಹಾಕಿಕೊಂಡೇ ಈಗಷ್ಟೇ ಅವನನ್ನು ಎತ್ತಿಕೊಂಡೆ. ಆಗ ಕಂಡಿತು: ತಗ್ಗಿನ ಒಳಗೂ ಹಿತ್ತಾಳೆ ಹೊಳೆಯುತ್ತಿದೆ. ಬೆರಳಿಗೆ ಹುಣಸೆಹಣ್ಣು ಸುತ್ತಿ ಒಳಗೆ ಹಾಕಿ ತಲೆಮಾರುಗಟ್ಟಲೆ ತಿಕ್ಕದಿದ್ದರೆ ಅಲ್ಲಿ ಕಿಲುಬು ಕೂರುತ್ತಿತ್ತು. ಮುತ್ತವ್ವಾ, ಎಸೆದವಳು ನೀನು. ಮೊದಲು ತಿಕ್ಕಿದವಳೂ ನೀನೇ ಇರಬೇಕು. ಎಸೆದ ಕಥೆ ನಮಗೆ ಬಂತು, ಎತ್ತಿಕೊಂಡ ಕಥೆ ಬರಲೇ ಇಲ್ಲ.

ಅವನನ್ನು ಎತ್ತಿದ ಸದ್ದಿಗೆ ಅವ್ವನಿಗೆ ಎಚ್ಚರವಾಯಿತು. "ಸಿಟ್ಟು ಇಳೀತೇನವಾ?" ಎಂದು ಕೇಳಿದಳು. ಇಲ್ಲವೆಂದೆ. "ನಂದೂ ಇಳಿದಿಲ್ಲ. ಮಾರಿ ಈ ಕಡಿ ಮಾಡಿಡು. ಬೈಯಾಕರ ಮಾರಿ ಕಾಣಬೇಕಲ್ಲ" ಎಂದು ಮಗ್ಗುಲಾದಳು.

ತಿರುಗಿಸಿಟ್ಟೆ. ಅವನ ಮುಂದೆ ಕೂತು ಬೈದೆ, ಅತ್ತೆ, ಕೊನೆಗೆ ಮಗಳನ್ನು ಕಾಯಿ ಎಂದೂ ಕೇಳಿದೆ. ಇಷ್ಟು ದಿನ ಗೋಡೆಗೆ ಹೇಳುತ್ತಿದ್ದುದನ್ನು ಇಂದು ಅವನಿಗೇ ಹೇಳಿದೆ. ನಂಬಿಕೆ ಎಂದರೆ ಇಷ್ಟೇ ಇದ್ದೀತು. ಸಂಜೆ ಮಗಳನ್ನು ಅಲ್ಲೇ ಮಲಗಿಸುತ್ತೇನೆ.

ನಿನ್ನ ಕಾಲದಲ್ಲಿ ಅವನು ಈಗ ಅಂಗಳದಲ್ಲಿ ಬಿದ್ದಿರಬಹುದು. ಇವತ್ತೇ ಎತ್ತಿಕೋ ಅನ್ನುವುದಿಲ್ಲ. ನಿನಗೆ ಆದಾಗ ಎತ್ತಿಕೋ. ನಿನ್ನ ಮಗನ ಹೆಸರನ್ನು ಯಾರಿಗಾದರೂ ಹೇಳಿ ಹೋಗು, ಅದು ನಮ್ಮವರೆಗೆ ಬಂದಿಲ್ಲ. ಮತ್ತೊಂದು ಮಾತು. ತಗ್ಗನ್ನು ಬಡಿದು ಸರಿಮಾಡಿಸಬೇಡ. ನನ್ನ ಮಗಳು ಈಗ ಮಡಿಲಿನಿಂದಲೇ ಕೈಚಾಚಿ ಅದರಲ್ಲಿ ಹೆಬ್ಬೆರಳಿಟ್ಟು ನಿದ್ದೆಹೋಗಿದ್ದಾಳೆ.